ಕೋವಿಗೆ ತೋಟಾ ಕೊಡಿ: ಕೊಡಗಿನ ಬೆಳೆಗಾರರ ಹಕ್ಕೊತ್ತಾಯ ಪತ್ರ

ಕೇಂದ್ರ ಗೃಹ ಸಚಿವಾಲಯ, ರಾಜ್ಯದ ಒಳಾಡಳಿತ ಇಲಾಖೆ ಹಾಗೂ ಕೊಡಗು ಜಿಲ್ಲಾಡಳಿತದ ಗಮನಕ್ಕೆ



ನಾವು ಕೊಡಗಿನಲ್ಲಿ ಗದ್ದೆ, ಕಾಫಿ ತೋಟ ಮಾಡಿಕೊಂಡಿರುವವರು. ನಮ್ಮಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯಲ್ಲಿ ಕೋವಿ ಇಟ್ಟುಕೊಂಡವರಿದ್ದಾರೆ, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿಕೊಂಡವರೂ ಇದ್ದಾರೆ. ಕೋವಿಯ ಹಕ್ಕಿನ ಬಗ್ಗೆ ಇಲ್ಲಿ ವಾದ ಹೂಡುವುದಿಲ್ಲ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಉಳಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮ ಮಾತು ಕೋವಿಯೊಳಗೆ ಹಾಕುವ ತೋಟಾದ ಬಗ್ಗೆ.

ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಗದ್ದೆಗೆ ಇಳಿಯುತ್ತದೆ. ಆಗ ಅಂಗಡಿಗೆ ಹೋದರೆ ‘ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ’. ಮುಂದಿನ ತಿಂಗಳು ಹೋದರೆ ನಮ್ಮ ಕೋವಿಗೆ ಆಗದ ಅಳತೆಯದು ಮಾತ್ರ. ಒಂದು ದಿನದ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಸುರಿದು, ಬರಿಗೈಯಲ್ಲಿ ಬಂದವನು ಆ ರಾತ್ರಿ ಅಟ್ಟದಿಂದ ಖಾಲಿ ತೋಟಾಗಳ ಡಬ್ಬಿ ಇಳಿಸುತ್ತಾನೆ. ಹಾರಿಸಿದ ತೋಟಾಕ್ಕೆ ಮತ್ತೆ ಕೇಪು, ಮದ್ದು, ಬಿರಡೆ, ಚರೆ ತುಂಬುವ ಕೆಲಸ ಊಟದ ಮೇಜಿನ ಮೇಲೆ ಶುರುವಾಗುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಬಾಯಿಬಿಡಲೆಂದೇ ಈ ಪತ್ರ.

1. ಮನೆಯಲ್ಲಿ ತೋಟಾ ತುಂಬುವ ಅಗತ್ಯವೇ ಬೀಳದಂತೆ ಮಾಡಿ. ಅದಕ್ಕೆ ಅನುಮತಿ ಕೊಡಿ ಎಂದು ನಾವು ಕೇಳುತ್ತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ತೋಟಾದ ಬಿಡಿಭಾಗಗಳೂ ಮದ್ದುಗುಂಡೇ. ಲೈಸೆನ್ಸ್ ಇಲ್ಲದ ತಯಾರಿಕೆಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು. ಆದರೂ ನಮ್ಮನ್ನು ತಡೆಯಬೇಕಾದದ್ದು ಜೈಲಿನ ಹೆದರಿಕೆಯಲ್ಲ.

ಈ ಪತ್ರ ಬರೆಯುತ್ತಿರುವವನ ದೊಡ್ಡಪ್ಪನ ಕಥೆ ಹೇಳಬೇಕು. ಮಳೆಗೆ ಕರೆಂಟ್ ಹೋದ ಒಂದು ಸಂಜೆ ಅವರು ಮೇಜಿನ ಮೇಲೆ ಪೇಪರ್ ಹಾಸಿ ಹನ್ನೆರಡು ಖಾಲಿ ತೋಟಾ ಸಾಲಾಗಿ ನಿಲ್ಲಿಸಿದ್ದರು. ತಕ್ಕಡಿ ಇರಲಿಲ್ಲ, ಟಾನಿಕ್ ಬಾಟಲಿಯ ಮುಚ್ಚಳವೇ ಅಳತೆ. ನಡುವೆ ಕೊಟ್ಟಿಗೆಯಲ್ಲಿ ದನ ಕೂಗಿತೆಂದು ಎದ್ದು ಹೋದರು. ಬಂದು ಕೂತಾಗ ಕೈಯಲ್ಲಿದ್ದ ತೋಟಾಕ್ಕೆ ಮದ್ದು ಹಾಕಿದ್ದೇನೋ ಇಲ್ಲವೋ ನೆನಪಾಗಲಿಲ್ಲ. ಹಾಕಿದರು. ಮೂರನೆಯ ರಾತ್ರಿ ಗದ್ದೆಯ ಅಟ್ಟಣೆಯಲ್ಲಿ ಕುದುರೆ ಎಳೆದಾಗ ನಳಿಗೆಯ ಬುಡ ಬಿರಿಯಿತು. ಬೆಳಿಗ್ಗೆ ನಾನು ಆ ಕೋವಿಯನ್ನು ಎತ್ತಿ ನೋಡಿದೆ: ಎಡಗೈ ಹಿಡಿಯುವ ಜಾಗದಲ್ಲಿ ಬೆರಳುದ್ದದ ಕಬ್ಬಿಣವೇ ಇರಲಿಲ್ಲ, ಅಂಚು ಹೊರಕ್ಕೆ ಮಡಚಿಕೊಂಡು ನೀಲಿಗಟ್ಟಿತ್ತು. ದೊಡ್ಡಪ್ಪನ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಕಳೆ ಕೊಚ್ಚುವ ಮೆಷಿನ್ನಿಗೆ ಸಿಕ್ಕಿತೆಂದು ಬರೆಸಿದೆವು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಆ ಅಪಘಾತ ನಡೆದೇ ಇಲ್ಲ. ಈಗಲೂ ಕರಿಮೆಣಸಿನ ಬಳ್ಳಿ ಕಟ್ಟುವಾಗ ಅವರ ಕೈಯಿಂದ ಹಗ್ಗ ಜಾರುತ್ತದೆ.

ಮದ್ದು ಹೆಚ್ಚಾದರೆ ಮಾತ್ರವಲ್ಲ, ಕಡಿಮೆಯಾದರೂ ಅಪಾಯವೇ. ಈಡು ‘ಪುಸ್’ ಎಂದಾಗ ಬಿರಡೆ ನಳಿಗೆಯೊಳಗೇ ಸಿಕ್ಕಿಕೊಂಡಿರುತ್ತದೆ. ಕತ್ತಲಲ್ಲಿ ಅದು ಕಾಣುವುದಿಲ್ಲ. ಹಿಂದಿನಿಂದ ಇನ್ನೊಂದು ಈಡು ಹೊಡೆದರೆ ನಳಿಗೆ ಒಡೆಯುತ್ತದೆ. ಕರಿಮದ್ದಿನ ಅಳತೆಯಲ್ಲಿ ಹೊಗೆಯಿಲ್ಲದ ಮದ್ದು ತುಂಬಿದರಂತೂ ಹಳೆಯ ಕೋವಿ ಉಳಿಯುವುದಿಲ್ಲ.

ತೋಟಾ ಇಲ್ಲದಿದ್ದರೆ ಬಿಡಿಭಾಗ ಸಿಗಲಿ, ತುಂಬಿಕೊಳ್ಳುತ್ತೇವೆ ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರು ಅಮೆರಿಕದತ್ತ ನೋಡಬೇಕು. ಅಲ್ಲಿ ಮನೆಯಲ್ಲಿ ತೋಟಾ ತುಂಬುವುದು ಕಾನೂನಿಗೆ ಒಪ್ಪಿದ ಕೆಲಸ. ಪ್ರೆಸ್, ತಕ್ಕಡಿ, ಅಳತೆ ಪುಸ್ತಕ ಎಲ್ಲ ಸಿಗುತ್ತವೆ. 2020ರಲ್ಲಿ ಕೊರೋನಾ ಬಂದು ಜನ ಕೋವಿ ಕೊಳ್ಳಲು ಮುಗಿಬಿದ್ದಾಗ ತೋಟಾದ ಜೊತೆಗೇ ಪ್ರೈಮರ್, ಅಂದರೆ ಕೇಪು ಕೂಡ ಅಂಗಡಿಗಳಿಂದ ಮಾಯವಾಯಿತು. ಹೊಗೆಯಿಲ್ಲದ ಮದ್ದಿಗೆ ಬೇಕಾದ ನೈಟ್ರೋಸೆಲ್ಯುಲೋಸ್ ತಯಾರಾಗುವುದು ಹೆಚ್ಚಾಗಿ ಹತ್ತಿಬೀಜಕ್ಕೆ ಅಂಟಿದ ಗಿಡ್ಡ ನಾರಿನಿಂದ. 2022ರಲ್ಲಿ ಉಕ್ರೇನ್ ಯುದ್ಧ ಜೋರಾದ ಮೇಲೆ ಫಿರಂಗಿಗೇ ಅದು ಸಾಲದೆ ಯುರೋಪಿನ ಕಾರ್ಖಾನೆಗಳು ಪರದಾಡಿದವು. ತೋಟಾಕ್ಕೆ ಬರ ಬಂದಾಗ ಅದರ ಒಳಗಿನದಕ್ಕೂ ಬರ ಬರುತ್ತದೆ. ಆಗ ಮನೆಯಲ್ಲಿ ತುಂಬುವವನ ಕೈಗೆ ಸಿಗುವುದು ಪಟಾಕಿ ಮದ್ದು.

2. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಭತ್ತ ತೆನೆಯೊಡೆಯುವ ಮುಂಚೆ ಒಮ್ಮೆ, ಜಿಲ್ಲೆಯ ಅಧಿಕೃತ ಅಂಗಡಿಗಳಿಗೆ ತೋಟಾ ಬರಲೇಬೇಕು. ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾವನ್ನು ನಮ್ಮ ಅಪ್ಪಂದಿರ ಕಾಲದಿಂದ ನಂಬಿದ್ದೇವೆ. ಆ ಕಾರ್ಖಾನೆ 2021ರಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಕೈಯಲ್ಲಿದೆ. ಸೈನ್ಯದ ಬೇಡಿಕೆ ಮೊದಲು ಎಂಬುದನ್ನು ನಾವು ಒಪ್ಪುತ್ತೇವೆ. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮವು. ಆದರೆ ಒಬ್ಬ ಬೆಳೆಗಾರನಿಗೆ ಒಂದು ಹಂಗಾಮಿಗೆ ಬೇಕಾದದ್ದು ಒಂದೆರಡು ಪೆಟ್ಟಿಗೆ. ಜಿಲ್ಲೆಯಲ್ಲಿ ಎಷ್ಟು ಕೋವಿ ಇವೆ ಎಂಬ ಲೆಕ್ಕ ಜಿಲ್ಲಾಡಳಿತದ ಬಳಿ ಇದೆ. ಅದನ್ನೇ ಹಿಡಿದು ಮುಂಗಡ ಬೇಡಿಕೆ ಕಳಿಸಲಿ.

3. ಅಂಗಡಿಯ ಬಾಗಿಲಲ್ಲಿ ಬೋರ್ಡ್ ಹಾಕಿಸಿ: ಯಾವ ಅಳತೆ, ಎಷ್ಟು ಪೆಟ್ಟಿಗೆ, ಏನು ರೇಟು. ಬರದ ಕಾಲದಲ್ಲಿ ದುಡ್ಡಿದ್ದವನು ಒಂದೇ ಸಲಕ್ಕೆ ಬಾಚಿಕೊಳ್ಳದಂತೆ ತಲೆಗಿಷ್ಟು ಎಂದು ಹಂಚಲಿ.

4. 65 ಮಿಲಿಮೀಟರಿನ ತೋಟಾ ಬೇರೆಯಾಗಿ ಸಿಗಬೇಕು. ನಮ್ಮ ಮನೆಗಳಲ್ಲಿರುವ ಹಳೆಯ ಇಂಗ್ಲಿಷ್ ಜೋಡಿ ನಳಿಗೆಗಳಲ್ಲಿ ಹಲವಕ್ಕೆ ಆ ಅಳತೆಯೇ ಆಗಬೇಕು. ಅಂಗಡಿಯಲ್ಲಿ ಮಾತ್ರ 70 ಮಿಲಿಮೀಟರಿನದೇ ಕಾಣುತ್ತದೆ. ಮೋಸ ಇರುವುದು ಇಲ್ಲೇ. ತೋಟಾದ ಅಳತೆ ಹೇಳುವುದು ಹಾರಿ ಬಾಯಿ ಬಿಚ್ಚಿದ ಮೇಲಿನ ಉದ್ದ. ಹೊಸ ತೋಟಾದ ಬಾಯಿ ನಿರಿಗೆಯಾಗಿ ಒಳಕ್ಕೆ ಮಡಚಿರುವುದರಿಂದ 70ರದ್ದೂ 65ರ ಕೋವಿಯ ಮನೆಯೊಳಗೆ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಬಾಯಿ ನಳಿಗೆಯ ಇಕ್ಕಟ್ಟಿಗೆ ಹೋಗಿ ಸಿಕ್ಕಿ ಒತ್ತಡ ಏರುತ್ತದೆ. ಪೆಟ್ಟಿಗೆಯ ಮೇಲೆ ಈ ಎಚ್ಚರಿಕೆಯನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ. ಜೊತೆಗೆ ಇನ್ನೊಂದು ಸಾಲು: 20 ಬೋರಿನ ತೋಟಾ 12 ಬೋರಿನೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ಹಾಕಿದರೆ ನಳಿಗೆ ಸಿಡಿಯುತ್ತದೆ. ಎರಡು ಬಗೆಯ ಕೋವಿ ಇರುವ ಮನೆಯಲ್ಲಿ ಒಂದೇ ಜೇಬಿಗೆ ಎರಡನ್ನೂ ಹಾಕಿಕೊಂಡು ಹೊರಟವರನ್ನು ನಾವು ತಡೆದು ನಿಲ್ಲಿಸಿದ್ದೇವೆ.

5. ಕೇಪಿನ ಕೋವಿಯವರನ್ನು ಮರೆಯಬೇಡಿ. ಬಡ ರೈತನ ಬಳಿ ಇರುವುದು ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ ಎಂದು ಬರೆದ, ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆ. ಅವನಿಗೆ ತುಂಬುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಕೋವಿಗೆ ಲೈಸೆನ್ಸ್ ಕೊಟ್ಟ ಮೇಲೆ ಒಳ್ಳೆಯ ಕರಿಮದ್ದು, ಕೇಪು, ಅಳತೆಯ ಚಮಚ ಅದೇ ಲೈಸೆನ್ಸಿನ ಮೇಲೆ ತಾಲ್ಲೂಕು ಕೇಂದ್ರದಲ್ಲಿ ಸಿಗುವಂತೆ ಮಾಡುವುದು ಸರ್ಕಾರದ ಹೊಣೆ.

6. ಗುರಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರಿಗೆ ನಮಗಿಂತ ಎಷ್ಟೋ ಪಟ್ಟು ಹೆಚ್ಚು ತೋಟಾ ಬೇಕು. ಅವರ ಮಟ್ಟಿಗೆ ಮರುತುಂಬುವಿಕೆಯನ್ನು ಯೋಚಿಸಬಹುದು. ಮನೆಯಲ್ಲಿ ಬೇಡ, ಮಾನ್ಯತೆ ಇರುವ ಶೂಟಿಂಗ್ ರೇಂಜಿನಲ್ಲಿ, ಲೈಸೆನ್ಸ್ ಪಡೆದ ಒಂದು ಕೋಣೆಯಲ್ಲಿ, ತರಬೇತಾದ ಒಬ್ಬರ ಕಣ್ಣೆದುರು, ಸರಿಯಾದ ತಕ್ಕಡಿಯ ಮೇಲೆ. ಸೀಸ ಕರಗಿಸುವ ಕೆಲಸ ಅಲ್ಲಿಯೂ ಬೇಡ. ಅಡುಗೆ ಒಲೆಯ ಮೇಲೆ ಸೀಸ ಕಾಯಿಸಿ ಚರೆ ಮಾಡಿದ ಮನೆಗಳಲ್ಲಿ ಆ ಹೊಗೆ ಕುಡಿದದ್ದು ಮಕ್ಕಳು.

7. ವರ್ಷಕ್ಕೊಮ್ಮೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯಲ್ಲಿ ಕೋವಿ ತಪಾಸಣೆ ಶಿಬಿರ ನಡೆಸಿ. ಈಗ ಕೋವಿ ತನ್ನಿ ಎಂದು ಕರೆಯುವುದು ಚುನಾವಣೆ ಬಂದಾಗ, ಠಾಣೆಯಲ್ಲಿ ಇಡಿಸಿಕೊಳ್ಳಲು. ನಳಿಗೆಯೊಳಗೆ ತುಕ್ಕು ಗುಂಡಿ ಬಿದ್ದಿದೆಯೇ, ತೋಟಾ ಕೂರುವ ಮನೆಯ ಉದ್ದ ಎಷ್ಟು, ಯಾವ ಮದ್ದಿಗೆ ಪರೀಕ್ಷೆಯಾದ ಕೋವಿ ಇದು ಎಂದು ನೋಡಿ ಒಂದು ಚೀಟಿ ಕೊಡುವವರು ಬೇಕು. ತಿರುಚಿದ ಕಬ್ಬಿಣದ ಪಟ್ಟಿಯಿಂದ ಮಾಡಿದ, ಮೈಮೇಲೆ ಅಲೆಅಲೆ ಗೆರೆ ಇರುವ ನಳಿಗೆಗಳು ಇನ್ನೂ ಕೆಲವು ಮನೆಗಳಲ್ಲಿವೆ. ಕರಿಮದ್ದಿನ ಕಾಲಕ್ಕೆ ಮಾಡಿದವು ಅವು. ಅವುಗಳಿಗೆ ಇಂದಿನ ತೋಟಾ ಹಾಕಬಾರದು ಎಂದು ಮೊಮ್ಮಕ್ಕಳಿಗೆ ಹೇಳಿದವರು ಯಾರೂ ಇಲ್ಲ.

8. ಇಲ್ಲಿ ಕೇಳಿದ್ದು ಯಾವುದೂ ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಗಿದೆಯೋ ಹಾಗೇ ಇರಲಿ. ಆನೆ ಗದ್ದೆಗೆ ಬಂದಾಗ ಗಾಳಿಗೆ ಹಾರಿಸುವ ಒಂದು ಸದ್ದು, ಗಂಡುಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಎರಡು. ನಮ್ಮ ತೋಟಾಗಳ ಖರ್ಚಿನಲ್ಲಿ ಇವೂ ಸೇರಿವೆ. ಸಾವಿನ ಮನೆಯ ಅಂಗಳದಲ್ಲಿ ತೇವ ಹಿಡಿದ ತೋಟಾ ಹಾರದೆ, ನೆಂಟರೆಲ್ಲ ಕಾದು ನಿಂತಿದ್ದಾಗ ಪಕ್ಕದ ಮನೆಗೆ ಓಡಿದ್ದನ್ನು ನಾವು ಮರೆತಿಲ್ಲ.

9. ಕೊನೆಯದು, ಮತ್ತು ಇದು ಬೇಗ ಆಗಬೇಕಾದದ್ದು. ಮಳೆಗೆ ಉಬ್ಬಿದ, ಹಿತ್ತಾಳೆ ಹಸಿರುಗಟ್ಟಿದ ಹಳೆಯ ತೋಟಾಗಳನ್ನೂ ಮನೆಯಲ್ಲಿ ತುಂಬಿಟ್ಟವುಗಳನ್ನೂ ತಂದೊಪ್ಪಿಸಲು ಒಂದು ವಾರ ಗೊತ್ತುಮಾಡಿ. ತಂದವರ ಮೇಲೆ ಕೇಸು ಹಾಕುವುದಿಲ್ಲ, ಹೆಸರು ಬರೆದುಕೊಳ್ಳುವುದಿಲ್ಲ ಎಂದು ಲಿಖಿತವಾಗಿ ಹೇಳಿ. ಕೇಸಿನ ಭಯಕ್ಕೆ ಜನ ಅವನ್ನು ಹೊಳೆಗೆ ಎಸೆಯುತ್ತಾರೆ, ಇಲ್ಲವೇ ‘ಇನ್ನೊಂದು ಸಲಕ್ಕಾಯಿತು’ ಎಂದು ಉಳಿಸಿಕೊಳ್ಳುತ್ತಾರೆ. ಕೈಲ್‌ಪೊಳ್ದ್ ಹಬ್ಬಕ್ಕೆ, ಸೆಪ್ಟೆಂಬರ್ 3ಕ್ಕೆ, ಕೋವಿಗಳನ್ನೆಲ್ಲ ಹೊರತೆಗೆದು ಒರಸಿ, ನಳಿಗೆಗೆ ತೋಕ್ ಪೂವು ಎಂಬ ಹೂ ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ಅದರ ಹಿಂದಿನ ವಾರವಾದರೆ ಒಳ್ಳೆಯದು. ದೊಡ್ಡಪ್ಪ ಅಂದು ತುಂಬಿದ ಹನ್ನೆರಡರಲ್ಲಿ ಹಾರಿದ್ದು ಒಂದು. ಉಳಿದ ಹನ್ನೊಂದು ಅಟ್ಟದ ಮೇಲೆ ತಗಡಿನ ಡಬ್ಬಿಯಲ್ಲಿವೆ. ಮೊದಲ ದಿನ ಅವನ್ನೇ ತರುತ್ತೇವೆ.