ಹದಿನೈದರ ಹಾಡು

ಕನ್ನಡ ನಾಡಿನ ಬಾಳಿನಲ್ಲಿ ಹಾಡಿಲ್ಲದ ಘಟ್ಟಗಳು ಬಹಳವಿಲ್ಲ. ಕೂಸು ತೊಟ್ಟಿಲಿಗೆ ಬಂದರೆ ಜೋಗುಳ, ಅಂಬೆಗಾಲಿಟ್ಟರೆ ಆಡಿಸುವ ಹಾಡು, ಮದುವೆಯ ಚಪ್ಪರದಲ್ಲಿ ಸೋಬಾನೆ, ರಾಗಿಕಲ್ಲಿನ ಮುಂದೆ ಬೀಸುವ ಪದ, ಗದ್ದೆಯಲ್ಲಿ ನಾಟಿಯ ಪದ; ಕಡೆಗೆ ಸಾವಿನ ಮನೆಯಲ್ಲಿಯೂ ರಾತ್ರಿಯೆಲ್ಲ ಭಜನೆ. ನಮ್ಮ ಹಿರಿಯರು ಹುಟ್ಟಿನಿಂದ ಸಾವಿನವರೆಗೆ ಹಾಡಿನ ಹಾದಿಯನ್ನೇ ಹಾಸಿಟ್ಟಿದ್ದಾರೆ. ಆದರೆ ಆ ಹಾದಿ ಒಂದೆಡೆ ತೆಳ್ಳಗಾಗಿರುವುದನ್ನು ನಾವು ಗಮನಿಸಬೇಕು. ಅದು ಹದಿನಾಲ್ಕು, ಹದಿನೈದರ ವಯಸ್ಸು. ಈ ಪಾಠವನ್ನು ಓದುತ್ತಿರುವ ನಿಮ್ಮ ವಯಸ್ಸು.

ಚಿಕ್ಕ ಮಕ್ಕಳ ಮಟ್ಟಿಗೆ ಕನ್ನಡ ಭಾಗ್ಯಶಾಲಿ. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಎಳೆಯರ ನಾಲಗೆಗೆ ಒಗ್ಗುವ ಹಾಡುಗಳನ್ನು ಬರೆದರು. ಕುವೆಂಪು ಅವರ ‘ಕಿಂದರಿಜೋಗಿ’ಯನ್ನು ಕೇಳದ ಮಗು ನಮ್ಮ ಜಿಲ್ಲೆಯಲ್ಲಿ ಅಪರೂಪ. ಆದರೆ ಮೀಸೆ ಚಿಗುರುತ್ತಿರುವ ಹುಡುಗನಿಗೆ ‘ತುತ್ತೂರಿ’ಯನ್ನು ಹಾಡಲು ನಾಚಿಕೆ, ಮದುವೆಯ ಹಾಡಿಗೆ ಇನ್ನೂ ಬಹಳ ಕಾಲವಿದೆ. ಈ ನಡುವಿನ ವರ್ಷಗಳಲ್ಲಿ ಅವನು ಏನನ್ನು ಹಾಡಬೇಕು?

ಹಿಂದೆ ನಮ್ಮ ಮಲೆನಾಡಿನಲ್ಲಿ ಇದಕ್ಕೆ ಒಂದು ಉತ್ತರವಿತ್ತು. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ‘ಅಂಟಿಗೆ-ಪಂಟಿಗೆ’ ಎಂಬ ಹಾಡಿನ ಮೇಳ ಹೊರಡುತ್ತದೆ. ಊರ ದೇವರ ಮುಂದೆ ಹಚ್ಚಿದ ದೀಪವನ್ನು ಹಿಡಿದು ಗಂಡಸರ ಗುಂಪೊಂದು ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತದೆ. ವಾದ್ಯಗಳ ಗದ್ದಲವಿಲ್ಲ. ಮುಂದಿನವರು ಒಂದು ಸೊಲ್ಲನ್ನು ಹೇಳುತ್ತಾರೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಮುಚ್ಚಿದ ಬಾಗಿಲಿನ ಮುಂದೆ ನಿಂತು, ಬಾಗಿಲು ತೆರೆಯಿರೆಂದು ಹಾಡಿನಲ್ಲಿಯೇ ಕೇಳುತ್ತಾರೆ. ಮನೆಯೊಡತಿ ಹೊರಬಂದು ದೀಪಕ್ಕೆ ಎಣ್ಣೆ ಎರೆದು, ಆ ದೀಪದಿಂದ ತನ್ನ ಮನೆಯ ದೀಪವನ್ನು ಹಚ್ಚಿಕೊಳ್ಳುತ್ತಾಳೆ. ಬಲೀಂದ್ರನ ಕಥೆ, ದನಕರುಗಳ ಹಾಡು, ಮನೆಯವರಿಗೆ ಹರಕೆ ಇವೆಲ್ಲ ಆದ ಮೇಲೆ ಅಕ್ಕಿಯನ್ನೋ ಕಾಸನ್ನೋ ಪಡೆದು ಮೇಳ ಮುಂದಿನ ಮನೆಯ ದಾರಿ ಹಿಡಿಯುತ್ತದೆ. ದೀಪ ಮಾತ್ರ ನಡುವೆ ಆರಬಾರದು.

ಈ ಮೇಳದ ಹಿಂದೆ ಊರಿನ ಹುಡುಗರಿರುತ್ತಿದ್ದರು. ಅಕ್ಕಿಯ ಚೀಲ, ಎಣ್ಣೆಯ ಗಿಂಡಿ ಇವು ಅವರ ಪಾಲಿನ ಹೊರೆ. ಮೊದಲ ವರ್ಷ ಹೊರುವುದು, ಎರಡನೆಯ ವರ್ಷ ಹಿಂದಿನವರ ದನಿಗೆ ದನಿ ಕೂಡಿಸುವುದು, ಕಾಲಾನಂತರದಲ್ಲಿ ಮುಂದೆ ನಿಂತು ಸೊಲ್ಲೆತ್ತುವುದು. ಬೆಳೆಯುವುದೆಂದರೆ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರುವುದು ಎಂಬುದನ್ನು ಅವರಿಗೆ ಯಾರೂ ಬಾಯಿಮಾತಿನಲ್ಲಿ ಹೇಳಬೇಕಾಗಿರಲಿಲ್ಲ. ಕಾಡುದಾರಿ, ಕಾರ್ತಿಕದ ಚಳಿ, ಕೈಯಲ್ಲಿ ಇಡೀ ಊರಿನ ದೀಪ. ಹದಿನೈದರ ಹುಡುಗನನ್ನು ನಂಬಿ ಅಂಥದೊಂದು ವಸ್ತುವನ್ನು ಅವನ ಕೈಗೆ ಕೊಡುತ್ತಿದ್ದರಲ್ಲ, ಆ ನಂಬಿಕೆಯೇ ನನಗೆ ಆ ಹಾಡುಗಳ ಅರ್ಥವೆಂದು ತೋರುತ್ತದೆ. ಇಂದು ಅಂಟಿಗೆ-ಪಂಟಿಗೆ ಉತ್ಸವಗಳ ವೇದಿಕೆಯನ್ನೂ ಏರಿದೆ. ಅದು ಸಂತೋಷದ ಸಂಗತಿಯೇ. ಆದರೆ ವೇದಿಕೆಯ ಮೇಲೆ ತೆರೆಯಬೇಕಾದ ಬಾಗಿಲೊಂದು ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಅದರ ಕೊರತೆಯನ್ನೂ ಮುಚ್ಚಿಡಬಾರದು. ಈ ಮೇಳದಲ್ಲಿ ಹೆಣ್ಣುಮಕ್ಕಳಿಗೆ ಸ್ಥಳವಿರಲಿಲ್ಲ. ಹುಡುಗಿ ದೊಡ್ಡವಳಾದಾಗ ಅನೇಕ ಕಡೆ ಒಸಗೆಯ ಹಾಡು ಹಾಡುವ ಸಂಪ್ರದಾಯವಿತ್ತು. ನೆರೆಹೊರೆಯ ಹೆಂಗಸರು ಸುತ್ತಲೂ ಕುಳಿತು ಹಾಡುತ್ತಿದ್ದರು. ಹುಡುಗಿ ನಡುವೆ ತಲೆತಗ್ಗಿಸಿ ಕೂರುತ್ತಿದ್ದಳು. ಹಾಡು ಅವಳ ಮೇಲಿತ್ತೇ ಹೊರತು ಅವಳದಾಗಿರಲಿಲ್ಲ. ತನ್ನ ಮಾತನ್ನು ತಾನೇ ಆಡಿದ ಹೆಣ್ಣುಮಗಳನ್ನು ಕಾಣಬೇಕಾದರೆ ನಾವು ಹನ್ನೆರಡನೆಯ ಶತಮಾನಕ್ಕೆ ಹೋಗಬೇಕು. ದೂರವೇನೂ ಇಲ್ಲ, ಶಿಕಾರಿಪುರ ತಾಲ್ಲೂಕಿನ ಉಡುತಡಿಗೆ ಹೋದರೆ ಸಾಕು. ಅಲ್ಲಿ ಹುಟ್ಟಿದಳೆನ್ನಲಾದ ಮಹಾದೇವಿ, ಊರೂ ಅರಸನೂ ಹಿಡಿದ ದಾರಿಯನ್ನು ಬಿಟ್ಟು ತನ್ನ ದಾರಿಯನ್ನು ತಾನೇ ಆರಿಸಿಕೊಂಡ ಕಥೆಯನ್ನು ಹರಿಹರ ಕವಿ ರಗಳೆಯಲ್ಲಿ ಹೇಳಿದ್ದಾನೆ. ಅಕ್ಕನ ವಚನಗಳನ್ನು ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರು ಹಾಡಿ ನಾಡಿನ ಕಿವಿಗೆ ಮುಟ್ಟಿಸಿದರು. ನಾವು ಅವನ್ನು ಭಕ್ತಿಯ ಹಾಡುಗಳೆಂದಷ್ಟೇ ಕೇಳುತ್ತೇವೆ. ಮನೆಯವರಿಗೆ ಎದುರು ನಿಂತು ಮಾತನಾಡಬೇಕಾದ ಹರೆಯದ ಹುಡುಗಿಯ ಹಾಡೆಂದೂ ಅವನ್ನು ಕೇಳಬಹುದಲ್ಲವೇ?

ಈಗ ನಿಮ್ಮ ವಯಸ್ಸಿನವರು ಹಾಡುವುದು ಬಹುಮಟ್ಟಿಗೆ ಚಲನಚಿತ್ರಗೀತೆಗಳನ್ನು. ಅವು ಕೆಟ್ಟವೆಂದು ಹೇಳುವವನು ನಾನಲ್ಲ. ಒಳ್ಳೆಯ ಕವಿಗಳು ಅವಕ್ಕೆ ಮಾತು ಕೊಟ್ಟಿದ್ದಾರೆ, ಸಮರ್ಥರು ರಾಗ ಹಾಕಿದ್ದಾರೆ. ಆದರೆ ಆ ಹಾಡುಗಳಲ್ಲಿ ಯೌವನವೆಂದರೆ ಹೆಚ್ಚಾಗಿ ಪ್ರೇಮ, ಇಲ್ಲವೇ ಎದೆಯುಬ್ಬಿಸಿದ ಪೌರುಷ. ಕಾಲೇಜಿನ ಹುಡುಗನಾಗಿ ತೆರೆಯ ಮೇಲೆ ಕುಣಿಯುವವನಿಗೆ ಎಷ್ಟೋ ವೇಳೆ ನಿಮ್ಮ ತಂದೆಯ ವಯಸ್ಸಾಗಿರುತ್ತದೆ! ಗಣಿತದ ಪರೀಕ್ಷೆಯ ಭಯ, ಬೇರೆ ಊರಿನ ಕಾಲೇಜಿಗೆ ಹೋಗಲಿರುವ ಗೆಳೆಯನನ್ನು ಅಗಲುವ ಸಂಕಟ, ಮನೆಯ ಸಾಲವನ್ನು ಮೊದಲ ಬಾರಿಗೆ ಅರಿತಾಗಿನ ಮೌನ ಇವು ಅಲ್ಲಿ ಬರುವುದು ಅಪರೂಪ. ಎಲ್ಲರಿಗಾಗಿ ಬರೆದ ಹಾಡಿಗೆ ನಿಮ್ಮನ್ನು ಹೆಸರು ಹಿಡಿದು ಕರೆಯಲು ಸಾಧ್ಯವಿಲ್ಲ. ಹಾಗೆ ಕರೆಯಬಲ್ಲವರು ನಿಮ್ಮನ್ನು ಬಲ್ಲವರು ಮಾತ್ರ.

ಈ ಮಾತಿಗೆ ಒಂದು ನಿದರ್ಶನ ದೂರದ ಜಪಾನಿನಲ್ಲಿದೆ. ಅಲ್ಲಿ ಕಡ್ಡಾಯ ಶಿಕ್ಷಣ ಒಂಬತ್ತು ವರ್ಷಗಳದ್ದು; ಹದಿನೈದರ ವಯಸ್ಸಿನಲ್ಲಿ, ಮಾರ್ಚ್ ತಿಂಗಳಿನಲ್ಲಿ, ಮಕ್ಕಳು ಮಾಧ್ಯಮಿಕ ಶಾಲೆಯನ್ನು ಬಿಟ್ಟು ಹೊರಡುತ್ತಾರೆ. ಆ ದಿನ ಹಾಡುವ ಪದ್ಧತಿ ಹಳೆಯದು. ೧೮೮೪ರಲ್ಲಿ ಪ್ರಕಟವಾದ ಬೀಳ್ಕೊಡುಗೆಯ ಹಾಡೊಂದರಲ್ಲಿ ಶಿಷ್ಯರು ಗುರುಗಳ ಉಪಕಾರವನ್ನು ನೆನೆಯುತ್ತಾರೆ. ಗುರುವಿನ ಸ್ತುತಿಯನ್ನು ಕೇಳಿ ಹಿಗ್ಗುವುದು ನಮ್ಮಂಥ ಮೇಷ್ಟರುಗಳಿಗೆ ಸುಲಭ. ಆದರೆ ಸೈತಾಮಾ ಪ್ರಾಂತದ ಚಿಚಿಬು ಎಂಬ ಬೆಟ್ಟಗಳ ನಡುವಿನ ಪಟ್ಟಣದಲ್ಲಿ ಇದಕ್ಕೆ ತಿರುವುಮುರುವಾದ ಘಟನೆಯೊಂದು ನಡೆಯಿತು. ಅಲ್ಲಿನ ಕಾಗೆಮೋರಿ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದ ಕೊಜಿಮಾ ನೊಬೊರು ಎಂಬುವರು, ಶಿಸ್ತು ಕೆಟ್ಟಿದ್ದ ಆ ಶಾಲೆಯನ್ನು ಬೆತ್ತದಿಂದಲ್ಲ, ಹಾಡಿನಿಂದ ತಿದ್ದಲು ಮನಸ್ಸು ಮಾಡಿದರು. ೧೯೯೧ರಲ್ಲಿ, ಹೊರಡಲಿರುವ ಮಕ್ಕಳಿಗಾಗಿ ಒಂದು ಹಾಡು ಬರೆದುಕೊಡಿರೆಂದು ಸಂಗೀತದ ಶಿಕ್ಷಕಿ ಅವರನ್ನು ಕೇಳಿದರು. ತಮಗೆ ಅಂಥ ಶಕ್ತಿಯಿಲ್ಲವೆಂದು ಮೊದಲು ಹಿಂಜರಿದ ಅವರು ಮಾರನೆಯ ದಿನ ಬೆಳಿಗ್ಗೆ ಪದ್ಯವನ್ನು ಆಕೆಯ ಮೇಜಿನ ಮೇಲೆ ಇಟ್ಟಿದ್ದರು. ಆಕೆ ರಾಗ ಹಾಕಿದರು. ಬೀಳ್ಕೊಡುಗೆಯ ಕೂಟದಲ್ಲಿ ಉಪಾಧ್ಯಾಯರೆಲ್ಲರೂ ಸಾಲಾಗಿ ನಿಂತು ಅದನ್ನು ಮಕ್ಕಳಿಗೆ ಹಾಡಿ ತೋರಿಸಿದರು. ಒಂದೇ ಒಂದು ಸಲ ಹಾಡಲೆಂದು ಕಟ್ಟಿದ ಹಾಡು ಅದು. ಮುಖ್ಯೋಪಾಧ್ಯಾಯರು ಅದೇ ವರ್ಷ ನಿವೃತ್ತರಾದರು. ಹಾಡು ಮಾತ್ರ ಸಂಗೀತ ಶಿಕ್ಷಣದ ಪತ್ರಿಕೆಯೊಂದರ ಮೂಲಕ ಬೇರೆ ಶಾಲೆಗಳಿಗೆ ಹಬ್ಬಿ, ಇಂದು ಜಪಾನಿನ ಬೀಳ್ಕೊಡುಗೆಗಳಲ್ಲಿ ಬಹಳವಾಗಿ ಕೇಳಿಬರುವ ಹಾಡುಗಳಲ್ಲಿ ಒಂದಾಗಿದೆ. ‘ಹೊರಡುವ ದಿನಕ್ಕೆ’ ಎಂಬುದು ಅದರ ಹೆಸರಿನ ಅರ್ಥ.

ಮುಂದೆ ೨೦೦೮ರಲ್ಲಿ, ಅಲ್ಲಿನ ಶಾಲಾ ಮಕ್ಕಳ ಮೇಳಗಾನದ ಸ್ಪರ್ಧೆಗಾಗಿ ಆಂಜೆಲಾ ಆಕಿ ಎಂಬ ಗಾಯಕಿ ಮತ್ತೊಂದು ಹಾಡು ಕಟ್ಟಿದಳು. ಹದಿನೈದರ ಮಗುವೊಂದು ದೊಡ್ಡವನಾಗಲಿರುವ ತನಗೆ ತಾನೇ ಪತ್ರ ಬರೆಯುತ್ತದೆ. ದೊಡ್ಡವನು ಅದಕ್ಕೆ ಉತ್ತರ ಬರೆಯುತ್ತಾನೆ. ಕಷ್ಟವಿಲ್ಲವೆಂಬ ಸುಳ್ಳು ಸಮಾಧಾನ ಆ ಉತ್ತರದಲ್ಲಿಲ್ಲ. ಅದೂ ಬಹು ಜನಪ್ರಿಯವಾಯಿತು. ಮಕ್ಕಳಿಗೆ ಪ್ರೇಮಗೀತೆಯೇ ಬೇಕು, ಬೇರೇನೂ ರುಚಿಸದು ಎನ್ನುವವರು ಇದನ್ನು ಯೋಚಿಸಬೇಕು.

ನಮ್ಮ ಶಾಲೆಗಳಲ್ಲಿ ಕವಿಗಳೆಲ್ಲಿದ್ದಾರೆ ಎಂದು ಕೆಲವರು ಕೇಳಬಹುದು. ಅಂಟಿಗೆ-ಪಂಟಿಗೆಯ ಪದಗಳನ್ನು ಕಟ್ಟಿದವರು ಯಾವ ಶಾಲೆಯ ಕವಿಗಳು? ಬೇಸಾಯಗಾರರು. ಕಾಗೆಮೋರಿಯಲ್ಲಿ ಬರೆದವರು ಒಬ್ಬ ಮುಖ್ಯೋಪಾಧ್ಯಾಯರು. ಬೇಕಾದದ್ದು ಮಕ್ಕಳ ಪರಿಚಯ ಮತ್ತು ಊರಿನ ಪರಿಚಯ. ಶಿಕಾರಿಪುರದ ಮಕ್ಕಳ ಹಾಡಿನಲ್ಲಿ ಕುಮುದ್ವತಿ ಹರಿಯಲಿ, ಅಂಜನಾಪುರದ ಕಟ್ಟೆ ತುಂಬಿ ಕೋಡಿ ಬೀಳಲಿ, ದೀಪಾವಳಿಯಲ್ಲಿ ಕೊಬ್ಬರಿಯ ಹಾರ ತೊಟ್ಟು ಓಡುವ ಹೋರಿಗಳ ಗೆಜ್ಜೆಯ ದನಿಯಿರಲಿ. ಸೊರಬದವರ ಹಾಡಿನಲ್ಲಿ ದಂಡಾವತಿಯೂ ಡೊಳ್ಳೂ ಇರಲಿ. ಬೆಳಗಿನ ಬಸ್ಸನ್ನು ಹಿಡಿಯಲು ಗದ್ದೆಯ ಅಂಚಿನಲ್ಲಿ ಓಡಿಬರುವ ಹುಡುಗಿಯೂ ಇರಲಿ. ಈ ಸಲ ಅವಳು ನಡುವೆ ತಲೆತಗ್ಗಿಸಿ ಕೂರದೆ, ಮುಂದಿನ ಸಾಲಿನಲ್ಲಿ ನಿಂತು ಸೊಲ್ಲೆತ್ತಲಿ. ಧಾಟಿಗಾಗಿ ಹುಡುಕಬೇಕಾಗಿಲ್ಲ, ದೀಪಾವಳಿಯ ಮೇಳದ ಹಿರಿಯರೊಬ್ಬರನ್ನು ಒಂದು ಸಂಜೆ ಶಾಲೆಗೆ ಕರೆದರೆ, ಅವರ ಬಳಿ ಹಲವು ಧಾಟಿಗಳಿರುತ್ತವೆ.

ಪ್ರತಿ ವರ್ಷವೂ ಹತ್ತನೆಯ ತರಗತಿಯವರನ್ನು ಬೀಳ್ಕೊಡುವ ಏರ್ಪಾಡು ಒಂಬತ್ತನೆಯ ತರಗತಿಯವರದು. ತೋರಣ ಕಟ್ಟುವವರು ನೀವು, ತಿಂಡಿ ಹಂಚುವವರು ನೀವು, ಧ್ವನಿವರ್ಧಕದಲ್ಲಿ ಯಾವ ಹಾಡು ಕೇಳಿಸಬೇಕೆಂದು ನಿರ್ಧರಿಸುವವರೂ ನೀವೇ. ಪರೀಕ್ಷೆಗೆ ಮುಂಚಿನ ಆ ಮಧ್ಯಾಹ್ನಕ್ಕೆ ಇನ್ನೂ ಕೆಲವು ತಿಂಗಳುಗಳಿವೆ.