ಮಣ್ಣಿಗೂ ಒಂದು ಜಾತಕ ಬೇಕು

ಹೆಣ್ಣು ನೋಡಲು ಹೋಗುವವರು ಮೂರು ತಲೆಮಾರಿನ ಸಂಗತಿ ಕೇಳುತ್ತಾರೆ. ಜಾಗ ನೋಡಲು ಹೋಗುವವರದು ಮೂರೇ ಪ್ರಶ್ನೆ: ರಸ್ತೆ ಎಷ್ಟು ಹತ್ತಿರ, ಸೆಂಟ್ಸಿಗೆ ಎಷ್ಟು, ವಾಸ್ತು ಸರಿಯಿದೆಯೇ? ಈ ನೆಲದ ಮೇಲೆ ಮೊದಲು ಏನಿತ್ತು ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.

ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ಹೆದ್ದಾರಿ ಅಗಲವಾದ ಮೇಲೆ ಅದರ ಎರಡೂ ಬದಿಯ ನೆಲಕ್ಕೆ ಚಿನ್ನದ ಬೆಲೆ ಬಂದಿದೆ. ಮುಚ್ಚಿದ ಕಾರ್ಖಾನೆಯಿರಲಿ, ಲಾರಿ ಗ್ಯಾರೇಜಿರಲಿ, ಹಳೆಯ ಪೆಟ್ರೋಲ್ ಬಂಕಿರಲಿ, ಜಾಗ ಖಾಲಿಯಾದರೆ ಸಾಕು, ಅಲ್ಲೊಂದು ವಸತಿ ಸಂಕೀರ್ಣದ ನಕ್ಷೆ ಸಿದ್ಧ. ಊರು ಬೆಳೆಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ‘ಮಣ್ಣು ಪರೀಕ್ಷೆ ಮಾಡಿಸಿದ್ದೇವೆ’ ಎಂಬ ಮಾತಿಗೆ ತಕರಾರಿದೆ. ಆ ಪರೀಕ್ಷೆ ನೋಡುವುದು ಮಣ್ಣು ನಾಲ್ಕು ಮಾಳಿಗೆಯನ್ನು ಹೊರುತ್ತದೆಯೇ ಎಂದಷ್ಟೆ. ಮಾಳಿಗೆಯಲ್ಲಿ ಬಾಳುವವರು ಆ ಮಣ್ಣನ್ನು ತಾಳಿಕೊಳ್ಳುತ್ತಾರೆಯೇ ಎಂಬುದು ಬೇರೆಯೇ ಪರೀಕ್ಷೆ.

ನೆಲದಡಿಯ ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿದರೆ ಪೆಟ್ರೋಲು ಹನಿಹನಿಯಾಗಿ ಇಳಿಯುತ್ತದೆ. ಅದರೊಳಗಿನ ಬೆಂಜೀನ್ ನೀರಿನಲ್ಲಿ ಕರಗುತ್ತದೆ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಹಳೆಯ ಬ್ಯಾಟರಿಯ ಸೀಸ ಕೊಳೆಯುವುದಿಲ್ಲ. ಅಂಗಳದ ಮಣ್ಣಿನಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗಿ ಮಿದುಳಿನ ಬೆಳವಣಿಗೆಗೇ ಏಟು ಕೊಡುತ್ತದೆ. ಎಲ್ಲ ಗ್ಯಾರೇಜಿನ ಮಣ್ಣೂ ವಿಷವೆಂದು ನಾನು ಹೇಳುತ್ತಿಲ್ಲ. ನೋಡದೆಯೇ ಇಲ್ಲವೆನ್ನಬೇಡಿ ಎನ್ನುತ್ತೇನೆ.

‘ನಮ್ಮ ಮಳೆಗೆ ಎಲ್ಲ ತೊಳೆದುಹೋಗುತ್ತದೆ ಮಾರಾಯ್ರೆ’ ಎನ್ನುವವರಿದ್ದಾರೆ. ತೊಳೆದು ಎಲ್ಲಿಗೆ ಹೋಗುತ್ತದೆ? ನಮ್ಮದು ಮರಳು ಮತ್ತು ಮುರಕಲ್ಲಿನ ನೆಲ, ನೀರನ್ನು ಹೀರಿ ಕೆಳಗಿಳಿಸುವ ನೆಲ. ಮನೆಗೊಂದು ಬಾವಿಯಿರುವ ಊರಿನಲ್ಲಿ ತೊಳೆದುಹೋದದ್ದು ಕೊಡಪಾನದಲ್ಲಿ ಮರಳಿ ಬರುತ್ತದೆ.

‘ಕೆಟ್ಟ ಮಣ್ಣನ್ನು ಅಗೆದು ಸಾಗಿಸಿದ್ದೇವೆ’ ಎಂಬುದು ಇನ್ನೊಂದು ಸಮಾಧಾನ. ಎಲ್ಲಿಗೆ? ತಗ್ಗಿನ ಗದ್ದೆ ತುಂಬಿಸಲು ಮಣ್ಣು ಬೇಕೆನ್ನುವವರು ಬೈಲಿಗೊಬ್ಬರಿದ್ದಾರೆ. ಟಿಪ್ಪರಿನಲ್ಲಿ ಬಂದ ಮಣ್ಣು ಯಾವ ಊರಿನದು, ಯಾವ ಗುಂಡಿಯದು ಎಂದು ಅವರು ಕೇಳುವುದಿಲ್ಲ. ಒಬ್ಬರ ಅಂಗಳದ ಪಾಪವನ್ನು ಇನ್ನೊಬ್ಬರ ಬಾವಿಕಟ್ಟೆಗೆ ಸುರಿದರೆ ಅದು ಶುದ್ಧಿಯಲ್ಲ, ವರ್ಗಾವಣೆ.

1980ರಲ್ಲಿ ಹಾಲೆಂಡಿನ ಲೆಕ್ಕರ್‌ಕೆರ್ಕ್ ಎಂಬ ಊರಿನಲ್ಲಿ ಇನ್ನೂರಕ್ಕೂ ಮಿಕ್ಕಿ ಮನೆಗಳನ್ನು ತೆರವು ಮಾಡಿಸಬೇಕಾಯಿತು. ಕಾರ್ಖಾನೆಯ ಕಸ ತುಂಬಿದ ಪೀಪಾಯಿಗಳನ್ನು ಹೂತ ನೆಲದ ಮೇಲೆ ಆ ಮನೆಗಳನ್ನು ಕಟ್ಟಿದ್ದರು. ಆ ದೇಶ ಬೆಚ್ಚಿ ಮಣ್ಣಿಗೊಂದು ಕಾನೂನು ಮಾಡಿತು. ನಮ್ಮ ಕೇಂದ್ರ ಸರಕಾರ ಕಲುಷಿತ ನೆಲಗಳ ನಿರ್ವಹಣೆಗೆ ನಿಯಮ ತಂದದ್ದು 2025ರ ಜುಲೈಯಲ್ಲಿ. ಕೆಡಿಸಿದವನೇ ಶುದ್ಧಿಯ ಖರ್ಚು ಕೊಡಬೇಕು, ಸಂಶಯವಿರುವ ಜಾಗಗಳನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ವರದಿ ಮಾಡಬೇಕು ಎಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ಹಳೆಯ ಗ್ಯಾರೇಜು ಎಲ್ಲಿತ್ತೆಂಬುದು ದಿಲ್ಲಿಗೆ ಗೊತ್ತಿಲ್ಲ, ಪಂಚಾಯತಿಗೆ ಗೊತ್ತು.

ಆದ್ದರಿಂದ ನಾನು ಕೇಳುವುದು ಎರಡೇ. ಕಟ್ಟಡಕ್ಕೆ ಪರವಾನಿಗೆ ಕೊಡುವ ಮೊದಲು ಆ ಜಾಗದ ಹಿಂದಿನ ಉಪಯೋಗವನ್ನು ಬರೆಸಿಕೊಳ್ಳಿ. ಸಂಶಯವಿದ್ದರೆ ಮಣ್ಣನ್ನೂ ಬಾವಿ ನೀರನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ. ಹೊರಗೆ ಹೋಗುವ ಪ್ರತಿ ಲೋಡು ಮಣ್ಣು ಎಲ್ಲಿಂದ ಎಲ್ಲಿಗೆ ಹೋಯಿತೆಂದು ದಾಖಲೆಯಿಡಿ. ಖರ್ಚಾಗುತ್ತದೆ ಎನ್ನುವ ಬಿಲ್ಡರುಗಳು ಪ್ರವೇಶದ್ವಾರದ ಗ್ರಾನೈಟಿಗೆ ಎಷ್ಟು ಸುರಿದರೆಂದು ಮೊದಲು ಲೆಕ್ಕ ಕೊಡಲಿ. ಕೊಳ್ಳುವವರೂ ಅಷ್ಟೆ: ವಾಸ್ತು ಕೇಳುವಾಗ ಮಣ್ಣಿನ ಜಾತಕವನ್ನೂ ಕೇಳಿ. ಅಡಿಪಾಯ ಹಾಕಿದ ಮೇಲೆ ಆ ಮಣ್ಣನ್ನು ಯಾರೂ ಮೇಲೆತ್ತಿ ನೋಡಲಾರರು.