ಟಿ.ಬಿ. ಅಂದ್ರೆ ಬರೀ ಡ್ಯಾಮಲ್ಲ



ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಟಿ.ಬಿ.ಗೆ ಹೋಗೋದು ಹೆಂಗ್ರಿ' ಅಂತ ಕೇಳಿದರೆ ಡ್ಯಾಮಿನ ಬಸ್ಸು ತೋರಿಸ್ತಾರೆ. ತುಂಗಭದ್ರೆಯ ಆ ಎರಡು ಅಕ್ಷರ ಈ ಸೀಮೆಯ ಹೆಮ್ಮೆ. ಅದೇ ಎರಡು ಅಕ್ಷರ ಕೇರಿಯೊಳಗೆ ಬಂದರೆ ಮಾತಿನ ದನಿ ಇಳಿಯುತ್ತದೆ. 'ಅವಂಗೆ ಅದಾಗೇತಂತ' ಅಂತಾರೆ, ಹೆಸರು ಹೇಳೋದಿಲ್ಲ. ಮೊದಲೇ ಊರ ಹೊರಗೆ ಇಟ್ಟವರನ್ನು ಈ ರೋಗ ಮನೆಯ ಹೊರಗೂ ಇಡುತ್ತದೆ. ಬೇರೆ ತಟ್ಟೆ, ಬೇರೆ ಚೊಂಬು, ಜಗಲಿಯ ಮೂಲೆಯಲ್ಲಿ ಚಾಪೆ. ಕ್ಷಯ ತಟ್ಟೆಯಿಂದ ಹರಡುವುದಿಲ್ಲ, ರೋಗಿ ಕೆಮ್ಮಿದ ಗಾಳಿಯಿಂದ ಹರಡುತ್ತದೆ. ಹೋಟೆಲಿನ ಬೇರೆ ಲೋಟದ ವಿರುದ್ಧ ಹೋರಾಡಿದ ನಾವೇ ನಮ್ಮ ಮನೆಯಲ್ಲಿ ಬೇರೆ ಲೋಟ ಇಟ್ಟಿದ್ದೇವೆ.

ಭೂಮಿ, ದೌರ್ಜನ್ಯ, ಮೀಸಲಾತಿ ಬಿಟ್ಟು ರೋಗದ ಮೇಲೆ ಸಂಪಾದಕೀಯ ಯಾಕೆ, ಇದು ಆರೋಗ್ಯ ಇಲಾಖೆಯ ಕೆಲಸವಲ್ಲವೇ ಎಂದು ಹಿರಿಯ ಸಂಗಾತಿಯೊಬ್ಬರು ಕೇಳಿದರು. ನಮ್ಮ ಬಳಗದ ಹುಡುಗನೊಬ್ಬನ ಅಪ್ಪ ಸಂಡೂರಿನ ಕಡೆ ಗಣಿಯಲ್ಲಿ ಅದಿರು ತುಂಬುವ ಕೂಲಿ. ಹತ್ತು ತಿಂಗಳು ಕೆಮ್ಮಿದ. ಸರ್ಕಾರಿ ಆಸ್ಪತ್ರೆಗೂ ಹೋದ, ದುಡ್ಡು ಕೊಟ್ಟು ಪ್ರೈವೇಟಿಗೂ ಹೋದ. ಎಲ್ಲಿ ಹೋದರೂ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟ್ಲಿ. 'ಬೀಡಿ ಬಿಡು' ಅಂದರು, 'ಕುಡಿಯೋದು ಬಿಡು' ಅಂದರು. ಅವನು ಕುಡಿಯುತ್ತಲೇ ಇರಲಿಲ್ಲ. ಕಫ ತೆಗೆದು ನೋಡಿ ಅಂತ ಯಾರೂ ಹೇಳಲಿಲ್ಲ. ಕೊನೆಗೆ ನೋಡಿದಾಗ ಅಪ್ಪನಿಗಷ್ಟೇ ಅಲ್ಲ, ಎಂಟನೇ ಕ್ಲಾಸಿನ ಮಗಳಿಗೂ ಬಂದಾಗಿತ್ತು. ಹಿರಿಯರಿಗೆ ನಾವು ಕೊಟ್ಟ ಉತ್ತರ ಇಷ್ಟೇ.

ನಮ್ಮ ಸಿಟ್ಟು ಇನ್ನೂ ಹೆಚ್ಚಲು ಕಾರಣವಿದೆ. ಆ ಬಾಟ್ಲಿಯ ಕತೆ 60 ವರ್ಷದ ಹಿಂದೆಯೇ ನಮ್ಮ ರಾಜ್ಯದಲ್ಲೇ ಪತ್ತೆಯಾಗಿ, ಅಚ್ಚಾಗಿ, ಜಗತ್ತಿಗೆಲ್ಲ ಗೊತ್ತಾಗಿರುವ ಕತೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದು ಇರುವುದು ಬಳ್ಳಾರಿ ರಸ್ತೆಯಲ್ಲಿ. (ರಸ್ತೆ ನಮ್ಮ ಕಡೆಗೇ ಬರುತ್ತದೆ, ಅಲ್ಲಿ ಕಲಿತದ್ದು ಮಾತ್ರ ಇಲ್ಲಿಗೆ ಬಂದು ಮುಟ್ಟಿಲ್ಲ.) ಆ ಕಾಲದ ದೊಡ್ಡವರ ತಿಳುವಳಿಕೆ ಏನಿತ್ತು? ಹಳ್ಳಿಯ ಜನ ಮೂಢರು, ರೋಗ ಬಂದರೂ ಅವರಿಗೆ ತಿಳಿಯೋದಿಲ್ಲ, ಆಸ್ಪತ್ರೆಗೆ ಬರೋದಿಲ್ಲ, ಆದ್ದರಿಂದ ಎಕ್ಸ್‌ರೇ ವ್ಯಾನು ತೆಗೆದುಕೊಂಡು ಹೋಗಿ ಹುಡುಕಬೇಕು. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತಾಡಿಸುವ ಕೆಲಸ ಮಾಡಿದರು. ಹೊಸ ಔಷಧ ಹಿಡಿದು ಹೋದವರಲ್ಲ, ಬರೀ ಕೇಳಿದರು. ನಿನಗೆ ಏನಾಗುತ್ತಿದೆ, ಚಿಂತೆ ಆಗಿತ್ತಾ, ಎಲ್ಲಿಗೆ ಹೋದೆ, ಅಲ್ಲಿ ಏನು ಕೊಟ್ಟರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹೆಚ್ಚೂಕಡಿಮೆ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಮದ್ದು ಹುಡುಕಿಕೊಂಡು ಆಗಲೇ ಹೋಗಿ ಬಂದಿದ್ದರು. ಆಸ್ಪತ್ರೆ ಅವರ ಕೈಗೆ ಕೆಮ್ಮಿನ ಔಷಧದ ಬಾಟ್ಲಿ ಕೊಟ್ಟು ವಾಪಸು ಕಳಿಸಿತ್ತು.

ಇದನ್ನು ಎರಡು ಸಲ ಓದಿ. ರೋಗಿ ಬಂದಿದ್ದ. ನೋಡದೆ ಹೋದದ್ದು ಆಸ್ಪತ್ರೆ. ಮೂಢ ಯಾರು ಅನ್ನುವ ಪ್ರಶ್ನೆಗೆ ತುಮಕೂರಿನ ಹಳ್ಳಿಗರು ಉತ್ತರ ಕೊಟ್ಟಾಗಿದೆ. ವ್ಯಾನು ಓಡಿಸುವ ಬದಲು, ಕೆಮ್ಮಿಕೊಂಡು ತಾನಾಗಿ ಬಂದವನ ಕಫವನ್ನು ಅದೇ ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ ನೋಡಿ ಅನ್ನುವ ದಾರಿ ಈ ಸಂಸ್ಥೆಯ ಕೆಲಸದಿಂದಲೇ ಗಟ್ಟಿಯಾಯಿತು. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ನಿಂತದ್ದು ಅದರ ಮೇಲೆ.

ಬಾಟ್ಲಿಯವರಿಗಿಂತ ದೊಡ್ಡ ಕಳ್ಳರು ಆಮೇಲೆ ಬಂದರು. ರಕ್ತ ತೆಗೆದು 'ಟಿ.ಬಿ. ಐತೋ ಇಲ್ಲೋ ಹೇಳ್ತೀವಿ' ಅನ್ನುವ ಆಂಟಿಬಾಡಿ ಪರೀಕ್ಷೆ ಖಾಸಗಿ ಲ್ಯಾಬುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಆ ಪರೀಕ್ಷೆ ಇಲ್ಲದವರಿಗೆ ಇದೆ ಅನ್ನುತ್ತಿತ್ತು, ಇದ್ದವರಿಗೆ ಇಲ್ಲ ಅನ್ನುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಳಸಬೇಡಿ ಎಂದಿತು, 2012ರಲ್ಲಿ ಭಾರತ ಸರ್ಕಾರ ನಿಷೇಧಿಸಿತು. ಅಷ್ಟರೊಳಗೆ ಎಷ್ಟು ಕೂಲಿಗಳ ವಾರದ ಬಟವಾಡೆ ಆ ರಕ್ತದ ಶೀಷೆಯಲ್ಲಿ ಕರಗಿತೋ! ಈಗ ಕಫದಲ್ಲಿರುವ ರೋಗಾಣುವಿನ ಜೀನನ್ನೇ ಹಿಡಿಯುವ ಯಂತ್ರಗಳಿವೆ. ಅದರಲ್ಲಿ ಟ್ರೂನಾಟ್ ಅನ್ನುವುದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು, ಗೋವಾದ ಮೋಲ್‌ಬಯೋ ತಯಾರಿಸುವುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸೂಕ್ಷ್ಮದರ್ಶಕದ ಕಣ್ಣು ತಪ್ಪಿಸಿಕೊಂಡ ರೋಗಾಣುವನ್ನೂ ಅದು ಹಿಡಿಯುತ್ತದೆ, ಮುಖ್ಯ ಗುಳಿಗೆಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೋ ಇಲ್ಲವೋ ಅನ್ನುವುದನ್ನೂ ಅದೇ ದಿನ ಹೇಳುತ್ತದೆ.

ಸಂಡೂರಿನ ಹುಡುಗರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ನಮ್ಮ ಅಪ್ಪಂದಿರ ಎದೆಯ ಎಕ್ಸ್‌ರೇಯಲ್ಲಿ ಕಾಣುವ ನೆರಳೆಲ್ಲ ಟಿ.ಬಿ.ಯೇ ಏನು? ಸಂಡೂರಿನ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಜೊತೆ ಪದರಪದರವಾಗಿ ಬೆಣಚುಕಲ್ಲು ಇದೆ. ಅದನ್ನು ಕೊರೆದಾಗ, ಪುಡಿ ಮಾಡಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಕೆಮ್ಮು, ಏದುಸಿರು, ಸೊರಗುವುದು ಎಲ್ಲ ಕ್ಷಯದ ಹಾಗೆಯೇ. ಎಕ್ಸ್‌ರೇಯಲ್ಲೂ ಒಂದು ಇನ್ನೊಂದರ ವೇಷ ಹಾಕುತ್ತದೆ. ಸಿಲಿಕೋಸಿಸ್ ಇದ್ದವನಿಗೆ ಕ್ಷಯ ಹಿಡಿಯುವ ಸಾಧ್ಯತೆಯೂ ಬೇರೆಯವರಿಗಿಂತ ಎಷ್ಟೋ ಹೆಚ್ಚು, ಎರಡೂ ಒಟ್ಟಿಗೆ ಇರಬಹುದು. ಕ್ಷಯಕ್ಕೆ ಗುಳಿಗೆ ಇದೆ, ಧೂಳು ತಿಂದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದು ಇಲ್ಲ. ಡಾಕ್ಟರು ಯಾವ ಹೆಸರು ಬರೆಯುತ್ತಾರೆ ಅನ್ನುವುದರ ಮೇಲೆ ದುಡ್ಡಿನ ಲೆಕ್ಕವೂ ನಿಂತಿದೆ. 'ಟಿ.ಬಿ.' ಅಂತ ಬರೆದರೆ ಅದು ರೋಗಿಯ ಹಣೆಬರಹ, ಗುಳಿಗೆ ಸರ್ಕಾರದ್ದು. 'ಸಿಲಿಕೋಸಿಸ್' ಅಂತ ಬರೆದರೆ ಅದು ಗಣಿಯ ಧೂಳಿನ ಫಲ, ಮಾಲೀಕ ಸರ್ಕಾರಕ್ಕೆ ತಿಳಿಸಬೇಕು, ಕೂಲಿಗೆ ಪರಿಹಾರ ಕೊಡಬೇಕು. 1952ರ ಗಣಿ ಕಾಯ್ದೆಯ ಕಾಲದಿಂದಲೂ ಅದು ತಿಳಿಸಲೇಬೇಕಾದ ರೋಗ. ಆದರೆ ಮೇಸ್ತ್ರಿಯ ಕೈಕೆಳಗೆ ಮೂರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ದುಡಿದವನ ಹೆಸರು ಯಾವ ಗಣಿಯ ಪುಸ್ತಕದಲ್ಲೂ ಇರುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕದ್ದ ಅದಿರಿನ ಟನ್ನು ಲೆಕ್ಕ ಹಾಕಿದರು. ಕೂಲಿಗಳ ಎದೆಯೊಳಗೆ ಉಳಿದ ಧೂಳನ್ನು ತೂಗಿದವರನ್ನು ನಾವು ಕಾಣಲಿಲ್ಲ. ಆದ್ದರಿಂದ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ 'ಇಷ್ಟು ವರ್ಷ ಗಣಿಯಲ್ಲಿ, ಕ್ರಷರಿನಲ್ಲಿ ದುಡಿದಾನ, ಅದನ್ನು ಚೀಟಿಯಲ್ಲಿ ಬರೀರಿ' ಅಂತ ಕೇಳಿ ಬರೆಸಿ.

ಇನ್ನು ಮದ್ದಿನ ಮಾತು. 1956ರಲ್ಲಿ ಮದರಾಸಿನಲ್ಲಿ ಒಂದು ಸಂಶೋಧನೆ ನಡೆಯಿತು. ಆಗ ಕ್ಷಯ ಅಂದರೆ ಸ್ಯಾನಟೋರಿಯಂ. ಒಳ್ಳೆ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ಹಾಸಿಗೆ. ಉಳ್ಳವರಿಗೆ ಸರಿ, ಕೊಳೆಗೇರಿಯವರಿಗೆ ಎಲ್ಲಿಯ ಹಾಸಿಗೆ? ನಗರದ 193 ಮಂದಿ ಬಡ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂಗೆ, ಇನ್ನೊಂದು ಪಾಲು ಅದೇ ಇಕ್ಕಟ್ಟಿನ ಗುಡಿಸಲಲ್ಲಿ ಅದೇ ಗುಳಿಗೆ ನುಂಗುತ್ತಾ. ಯಾರು ಎಲ್ಲಿಗೆ ಅನ್ನುವುದನ್ನು ಡಾಕ್ಟರು ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಹಂಚಿದರು. ಆರಿಸಲು ಬಿಟ್ಟರೆ ಗಟ್ಟಿ ಆಳನ್ನು ಒಂದು ಕಡೆ, ಸಾಯುವವನನ್ನು ಇನ್ನೊಂದು ಕಡೆ ಹಾಕಿಬಿಡುತ್ತಾರೆ, ಆಗ ಗುಣ ಯಾವುದರಿಂದ ಆಯಿತು ಅಂತ ಹೇಳಲಾಗದು. (ಈ ದೇಶದಲ್ಲಿ ಮುಖ ನೋಡದೆ ಹಂಚಿದ ಅಪರೂಪದ ಜಾಗ ಅದು.) ಒಂದು ವರ್ಷದ ನಂತರ ಗುಡಿಸಲಲ್ಲಿದ್ದವರೂ ಹೆಚ್ಚೂಕಡಿಮೆ ಅಷ್ಟೇ ಗುಣವಾಗಿದ್ದರು. ಅವರ ಮನೆಯವರಿಗೆ ರೋಗ ಹೆಚ್ಚೇನೂ ಅಂಟಿರಲಿಲ್ಲ. ಇವತ್ತು ಕ್ಷಯದವರು ಮನೆಯಲ್ಲೇ ಇದ್ದು ಗುಳಿಗೆ ತಿಂದು ವಾಸಿಯಾಗುತ್ತಿದ್ದರೆ, ಆ 193 ಜನರ ಋಣ ಜಗತ್ತಿನ ಮೇಲಿದೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಆದರೆ ಆಳುವವರು ಆ ಸಂಶೋಧನೆಯ ಅರ್ಧವನ್ನು ಮಾತ್ರ ಕೇಳಿಸಿಕೊಂಡರು ಅನ್ನುವುದು ನಮ್ಮ ಅಭಿಪ್ರಾಯ. ಗುಡಿಸಲಿನಲ್ಲೂ ಗುಣವಾಗುತ್ತದೆ ಅಂದದ್ದನ್ನು, ಅನ್ನ ಇಲ್ಲದಿದ್ದರೂ ಗುಣವಾಗುತ್ತದೆ ಅಂತ ಓದಿಕೊಂಡರು. ಗುಳಿಗೆ ಕೊಟ್ಟು ಕೈ ತೊಳೆದುಕೊಂಡರು. ದಶಕಗಳ ಮೇಲೆ ಅನ್ನದ ಪ್ರಶ್ನೆಯನ್ನು ಮತ್ತೆ ಎತ್ತಿದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಖ್ಯರು. ಮದರಾಸಿನ ಅದೇ ಕೇಂದ್ರದಿಂದ ಬೆಳೆದ ಕ್ಷಯ ಸಂಶೋಧನಾ ಸಂಸ್ಥೆಯೂ ಕೈಜೋಡಿಸಿತು. 2019ರಿಂದ 2022ರವರೆಗೆ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳು, ಅವರ ಮನೆಗಳ 10,345 ಜನ. ಬಹಳಷ್ಟು ಮಂದಿ ಆದಿವಾಸಿಗಳು. ರೋಗಿಗಳಿಗೆಲ್ಲ ಗುಳಿಗೆಯ ಜೊತೆ ಆಹಾರದ ಚೀಲ. ಮನೆಯವರಲ್ಲಿ ಒಂದು ಪಾಲಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಇನ್ನೊಂದು ಪಾಲಿಗೆ ಇಲ್ಲ. 2023ರಲ್ಲಿ ಫಲ ಪ್ರಕಟವಾಯಿತು. ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39 ಕಡಿಮೆ. ಹರಡುವ ಬಗೆಯ ಕ್ಷಯ ಶೇ. 48 ಕಡಿಮೆ. ಮೊದಲ ಎರಡು ತಿಂಗಳಲ್ಲಿ ಮೈತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61 ಕಡಿಮೆ.

ಇದನ್ನು ಓದಿ ನಮ್ಮೊಳಗೇ ಜಗಳವಾಯಿತು. ಹಸಿದವನಿಗೆ ಅನ್ನ ಬೇಕು ಅಂತ ಹೇಳೋಕೆ ಹತ್ತು ಸಾವಿರ ಜನರ ಸಂಶೋಧನೆ ಬೇಕಾಯ್ತೇನು, ನಮ್ಮವ್ವಗೆ ಗೊತ್ತಿರಲಿಲ್ಲೇನು ಅಂದ ಒಬ್ಬ. ಬೇಳೆ ಸಿಗದ ಮನೆಗಳನ್ನು ನೋಡುತ್ತಾ ಕೂತದ್ದು ನ್ಯಾಯವೇ ಅಂದಳು ಇನ್ನೊಬ್ಬಳು. ಎರಡನೇ ಪ್ರಶ್ನೆಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ. ಅವ್ವನ ಮಾತನ್ನು ಬಜೆಟ್ಟಿನಲ್ಲಿ ಬರೆಯುವುದಿಲ್ಲ, ಶೇ. 39ನ್ನು ಬರೆಯಲೇಬೇಕಾಗುತ್ತದೆ. ಕ್ಷಯದವರಿಗೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ 1,000 ಮಾಡಿದರು. ಅದು ರೋಗಿಯ ಹೆಸರಿಗೆ. ಅದೇ ಒಲೆಯ ಸುತ್ತ ಕೂತ ಅವನ ಮಕ್ಕಳ ಪಾಲಿನ ಬೇಳೆ ಎಲ್ಲಿ? ನಮ್ಮ ಕೇರಿಯ ತಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಮಾಂಸದ ಮೇಲೂ 2020ರ ಗೋಹತ್ಯೆ ಕಾಯ್ದೆ ಕಲ್ಲು ಹಾಕಿತು. ಅದನ್ನು ತಂದವರು ಬದಲಿಗೆ ಏನು ತಿನ್ನಬೇಕು ಅಂತ ಹೇಳಲಿಲ್ಲ.

ಸಂಶೋಧನೆ ಅಂದ ಕೂಡಲೇ 'ನಮ್ಮನ್ನು ಇಲಿ ಮಾಡ್ತಾರ' ಅಂತ ಹೆದರುವವರಿದ್ದಾರೆ. ಆ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನಕ್ಕೆ ಹುಡುಗಿಯರನ್ನು ಸೇರಿಸಿದರು. ಬಹಳ ಮಂದಿ ಹಾಸ್ಟೆಲಿನ ಬಡ ಮಕ್ಕಳು. ಪರೀಕ್ಷಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು, 2,763ರಲ್ಲಿ ಹಾಸ್ಟೆಲ್ ವಾರ್ಡನ್ನರ ರುಜು ಎಂದು 2013ರ ಸಂಸದೀಯ ಸಮಿತಿ ವರದಿಯಲ್ಲಿದೆ. ಲಸಿಕೆ ಕೆಟ್ಟದ್ದಲ್ಲ. ಅದು ಜೀವ ಉಳಿಸುವ ಲಸಿಕೆ, ಹುಡುಗಿಯರು ಹಾಕಿಸಿಕೊಳ್ಳಬೇಕು. ಆದರೆ ನಮ್ಮ ಮೈಗೆ ವಾರ್ಡನ್ನು ರುಜು ಹಾಕುವುದು ಜೀತದ ಪತ್ರಕ್ಕೆ ಗೌಡ ರುಜು ಹಾಕಿದಂತೆ. ಯಾರಾದರೂ ಕಾಗದ ಹಿಡಿದು ಬಂದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ. ಏನು ಕೊಡ್ತೀರಿ, ಏನು ತೊಂದರೆ ಆಗಬಹುದು, ನಡುವೆ ಬಿಟ್ಟರೆ ನನ್ನ ಚಿಕಿತ್ಸೆ ನಿಲ್ಲುತ್ತದಾ ಅಂತ ಕೇಳಿ. ಬೇಡ ಅನ್ನುವ ಹಕ್ಕು ನಿಮ್ಮದು. ಸರಿ ಅನ್ನಿಸಿದರೆ ಸೇರಿ. ತುಮಕೂರಿನವರು, ಮದರಾಸಿನವರು, ಜಾರ್ಖಂಡಿನವರು ಮಾತಾಡಿದ್ದರಿಂದಲೇ ಇವತ್ತು ನಾವು ಇಷ್ಟು ಬರೆಯಲು ಸಾಧ್ಯವಾಯಿತು.

ಬಳ್ಳಾರಿಯಲ್ಲಿ ಡಾಕ್ಟರಿಕೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಎಂ.ಡಿ. ಮಾಡುವವರೆಲ್ಲ ಒಂದು ಪ್ರಬಂಧ ಬರೆಯಲೇಬೇಕು. ವಾರ್ಡಿನಲ್ಲಿ ಮಲಗಿದವರು ಕಂಪ್ಲಿಯ ಗದ್ದೆಯವರು, ಸಂಡೂರಿನ ಗಣಿಯವರು, ಹಂಪಿಯಲ್ಲಿ ಪ್ರವಾಸಿಗರ ಎಂಜಲು ತಟ್ಟೆ ತೊಳೆಯುವವರು. 2021ರಲ್ಲಿ ಜಿಲ್ಲೆ ಎರಡಾಯಿತು. ಹೊಸಪೇಟೆ, ಹಂಪಿ ವಿಜಯನಗರಕ್ಕೆ ಹೋದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕೆಮ್ಮು ಗಡಿ ನೋಡಲಿಲ್ಲ. ನಿಮ್ಮ ಪ್ರಬಂಧ ಅವರು ಎಷ್ಟು ಬಾಗಿಲು ಅಲೆದು ನಿಮ್ಮ ಹತ್ತಿರ ಬಂದರು ಅನ್ನುವುದರ ಮೇಲಿರಲಿ. ಬರೆದದ್ದರಲ್ಲಿ ನಾಲ್ಕು ಪುಟ ಕನ್ನಡದಲ್ಲಿ ನಮಗೂ ಕೊಡಿ, ಈ ಪತ್ರಿಕೆಯಲ್ಲಿ ಹಾಕುತ್ತೇವೆ.

ಹಾಸ್ಟೆಲಿನವರೇ, ಒಂದು ಕೋಣೆಯಲ್ಲಿ ಹತ್ತು ಹನ್ನೆರಡು ಜನ ಮಲಗುವವರು ನೀವು. ಪಕ್ಕದವನು ಎರಡು ವಾರ ಬಿಡದೆ ಕೆಮ್ಮಿದರೆ, ಸಂಜೆ ಜ್ವರ ಬಂದರೆ, ರಾತ್ರಿ ಬೆವೆತರೆ, ಪ್ಯಾಂಟು ಸಡಿಲಾದರೆ ಬಾಟ್ಲಿ ತರಬೇಡಿ. ಅವನ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಒಬ್ಬನನ್ನೇ ಕಳಿಸಬೇಡಿ, ಒಬ್ಬನೇ ಹೋದರೆ ಬಾಗಿಲಲ್ಲೇ ತಿರುಗಿಸ್ತಾರೆ. ಕಿಟಕಿ ತೆರೆದಿಡಿ, ಅವನ ತಟ್ಟೆ ಬೇರೆ ಇಡಬೇಡಿ. ರೋಗ ಅಂತ ಗೊತ್ತಾದರೆ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗೆ. ಎರಡನೇ ತಿಂಗಳಿಗೆ ಮೈ ಹಗುರಾಗಿ 'ವಾಸಿ ಆತು' ಅನ್ನಿಸುತ್ತದೆ, ಆಗ ಬಿಟ್ಟವರೇ ಮತ್ತೆ ಬೀಳುವುದು. ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಹೆದರಬೇಡಿ. ಕಣ್ಣು ಹಳದಿಯಾದರೆ ಮಾತ್ರ ಅವತ್ತೇ ಡಾಕ್ಟರನ್ನು ಕಾಣಿ. ಕೋಣೆಯವರೂ ಮನೆಯವರೂ ತಪಾಸಣೆ ಮಾಡಿಸಿಕೊಳ್ಳಬೇಕು.

ಕಫ ಕೊಡುವುದಕ್ಕೂ ಒಂದು ರೀತಿ ಇದೆ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಉಗುಳಬೇಕು. ಉಗುಳು ಕೊಟ್ಟರೆ ಏನೂ ಕಾಣದು, ಕಫ ಬೇಕು. ಡಬ್ಬಿ ಆಸ್ಪತ್ರೆಯವರೇ ಕೊಡಬೇಕು, ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಎಲ್ಲಿ, ಯಾವತ್ತು, ಎಷ್ಟು ಕೇಳಿದರು ಅಂತ ಬರೆದುಕೊಂಡು ಮುಂದಿನ ಸಭೆಗೆ ತನ್ನಿ.